ಗಡಿಸೀಮೆಯ ಮಕ್ಕಳೂ ಇಂಗ್ಲಿಷ್ ವಾಕ್ಯವೂ

ಇವತ್ತು ಒಂದೇ ವಿಷಯ ಮಾತಾಡುತ್ತೇನೆ. ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಮಕ್ಕಳಿಗೆ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟುವುದನ್ನು ಹೇಗೆ ಹೇಳಿಕೊಡಬೇಕು ಎನ್ನುವ ವಿಷಯ. ಸ್ಪೆಲ್ಲಿಂಗಿನ ಮಾತು ಇಲ್ಲಿ ಬರುವುದಿಲ್ಲ. ಉಚ್ಚಾರಣೆಯ ಮಾತೂ ಬರುವುದಿಲ್ಲ. ಬರೀ ವಾಕ್ಯ. ನಮ್ಮ ಮೇಷ್ಟ್ರುಗಳು ಇದನ್ನು ಸ್ಟ್ರಕ್ಚರ್ ಅನ್ನುತ್ತಾರೆ, ಸೆಂಟೆನ್ಸ್ ಪ್ಯಾಟರ್ನ್ ಅನ್ನುತ್ತಾರೆ. ನಾನು ವಾಕ್ಯದ ಮಾದರಿ ಅನ್ನುತ್ತೇನೆ.

ಈ ಕಡೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ‘ನಮ್ಮ ಹುಡುಗರಿಗೆ ಭಾಷೆ ಒಲಿಯೋದಿಲ್ಲ, ಇಂಗ್ಲಿಷ್ ತಲೆಗೆ ಹತ್ತೋದಿಲ್ಲ’ ಅಂತ. ಹೆತ್ತವರು ಹೇಳುತ್ತಾರೆ. ಕಲಿಸಿ ಕಲಿಸಿ ಸೋತ ಮೇಷ್ಟ್ರೂ ಹೇಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂದು ಮೊದಲು ಹೇಳುತ್ತೇನೆ. ಆಮೇಲೆ ಪಾಠಕ್ಕೆ ಬರೋಣ.

ಗುಂಡ್ಲುಪೇಟೆ ಮೂರು ರಾಜ್ಯಗಳ ದಾರಿಗಳು ಕೂಡುವ ಊರು. ಮೈಸೂರಿನಿಂದ ಬಂದ ಹೆದ್ದಾರಿ ಇಲ್ಲಿ ಎರಡಾಗುತ್ತದೆ. ಒಂದು ಊಟಿಗೆ, ಒಂದು ಸುಲ್ತಾನ್ ಬತ್ತೇರಿಗೆ. ಓಣಂ ಹತ್ತಿರವಾದಾಗ ರಸ್ತೆಯ ಎರಡೂ ಬದಿ ಚೆಂಡು ಹೂವು, ಸೂರ್ಯಕಾಂತಿ. ಕೇರಳದ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಅಲ್ಲಿ ಹೂವು, ಹಣ್ಣು ಮಾರುವ ನಮ್ಮ ಹೆಣ್ಣುಮಕ್ಕಳು ಮಲಯಾಳದಲ್ಲೇ ವ್ಯಾಪಾರ ಕುದುರಿಸುತ್ತಾರೆ. ಅವರಿಗೆ ಮಲಯಾಳ ಯಾವ ಶಾಲೆಯೂ ಕಲಿಸಿಲ್ಲ. ಅವರ ಕೈಯಲ್ಲಿ ಪುಸ್ತಕವೂ ಇರಲಿಲ್ಲ. ಕಿವಿಯಿಂದ ಕಲಿತರು. ‘ಪೂ ವೇಣೋ’ ಎಂದು ಒಂದು ಮಾತು ಬಂತು. ಅದೇ ಜಾಗದಲ್ಲಿ ‘ಪಳಂ ವೇಣೋ’, ‘ವೆಳ್ಳಂ ವೇಣೋ’. ಹೂವು ಬೇಕೆ, ಹಣ್ಣು ಬೇಕೆ, ನೀರು ಬೇಕೆ. ಮಾತಿನ ಒಂದು ಭಾಗ ಹಾಗೇ ನಿಂತಿತು. ಇನ್ನೊಂದು ಭಾಗದಲ್ಲಿ ಪದ ಬದಲಾಯಿತು. ವಾಕ್ಯದ ಮಾದರಿ ಎಂದರೆ ಇಷ್ಟೇ. ಅದನ್ನು ಅವರು ಯಾರ ಸಹಾಯವೂ ಇಲ್ಲದೆ ಹಿಡಿದಿದ್ದಾರೆ. ಚಾಮರಾಜನಗರದ ಪೂರ್ವಕ್ಕೂ ದಕ್ಷಿಣಕ್ಕೂ ಹೋದರೆ ತಮಿಳಿನ ವಿಷಯದಲ್ಲಿ ಇದೇ ಕತೆ. ಇಂಥ ಜನರ ಮಕ್ಕಳಿಗೆ ಭಾಷೆ ಒಲಿಯುವುದಿಲ್ಲ ಎಂದು ಹೇಗೆ ಹೇಳುವುದು?

ಹಾಗಾದರೆ ಇಂಗ್ಲಿಷ್ ಯಾಕೆ ಕಷ್ಟವಾಗುತ್ತದೆ? ಒಂದೇ ವಾಕ್ಯದಿಂದ ಉತ್ತರ ಹೇಳುತ್ತೇನೆ. ದಯವಿಟ್ಟು ಕಿವಿಗೊಟ್ಟು ಕೇಳಿ.

ಕನ್ನಡದಲ್ಲಿ: ನನಗೆ ಹೂವು ಬೇಕು.
ತಮಿಳಿನಲ್ಲಿ: ಎನಕ್ಕು ಪೂ ವೇಣುಂ.
ಮಲಯಾಳದಲ್ಲಿ: ಎನಿಕ್ಕ್ ಪೂವ್ ವೇಣಂ.

ಮೂರೂ ಭಾಷೆಯಲ್ಲಿ ಮೂರು ಮಾತು. ಮೊದಲು ‘ನನಗೆ’. ನಡುವೆ ‘ಹೂವು’. ಕೊನೆಗೆ ‘ಬೇಕು’. ಜಾಗ ಒಂದೂ ಬದಲಾಗಿಲ್ಲ. ಪದ ಮಾತ್ರ ಬದಲಾಗಿದೆ. ಈಗ ಇಂಗ್ಲಿಷ್ ಕೇಳಿ.

ಐ ವಾಂಟ್ ಫ್ಲವರ್ಸ್.

‘ನನಗೆ’ ಹೋಗಿ ‘ನಾನು’ ಬಂತು. ಕೊನೆಯಲ್ಲಿದ್ದ ‘ಬೇಕು’ ನಡುವಿಗೆ ಬಂತು. ನಡುವಿನ ಹೂವು ಕೊನೆಗೆ ಹೋಯಿತು. ನೆರೆಯ ಭಾಷೆ ಕಲಿಯುವಾಗ ನಮ್ಮ ಮಗು ಪದ ಕಲಿತರೆ ಸಾಕು, ವಾಕ್ಯ ಮನೆಯಿಂದಲೇ ಬಂದಿರುತ್ತದೆ. ಇಂಗ್ಲಿಷಿಗೂ ಅದೇ ಅಭ್ಯಾಸ ಹಚ್ಚುತ್ತದೆ. ಪದ ಬಾಯಿಪಾಠ ಮಾಡುತ್ತದೆ. ಮನೆಯ ವಾಕ್ಯದೊಳಗೆ ಇಂಗ್ಲಿಷ್ ಪದ ಇಡುತ್ತದೆ. ‘ಮಿ ಫ್ಲವರ್ ವಾಂಟ್’ ಅನ್ನುತ್ತದೆ. ಮಗು ದಡ್ಡತನದಿಂದ ಹೀಗೆ ಹೇಳುತ್ತಿಲ್ಲ. ಮೂರು ಭಾಷೆಗೆ ಸರಿಹೋದ ದಾರಿಯಲ್ಲೇ ನಾಲ್ಕನೆಯದಕ್ಕೂ ಹೊರಟಿದೆ. ಆ ದಾರಿ ಇಲ್ಲಿಗೆ ಬರುವುದಿಲ್ಲ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ನಮ್ಮ ಸುತ್ತಿನ ಭಾಷೆಗಳ ವಾಕ್ಯ ಒಂದೇ ಬಗೆ, ಇಂಗ್ಲಿಷಿನ ವಾಕ್ಯ ಬೇರೆ ಬಗೆ. ಆದ್ದರಿಂದ ಇಂಗ್ಲಿಷಿನಲ್ಲಿ ಪದಪಟ್ಟಿಗಿಂತ ಮೊದಲು ಮಾದರಿ ಬೇಕು. ಈ ಮಾತು ಹೊಸದಲ್ಲ. ಇದಕ್ಕೆ ಸುಮಾರು 100 ವರ್ಷದ ಇತಿಹಾಸವಿದೆ. ಅದು ಶುರುವಾದದ್ದು ಜಪಾನಿನಲ್ಲಿ ಎನ್ನುವುದು ನಮಗೆ ಮುಖ್ಯ.

1922ರಲ್ಲಿ ಹೆರಾಲ್ಡ್ ಪಾಮರ್ ಎಂಬ ಇಂಗ್ಲಿಷ್ ವಿದ್ವಾಂಸರು ಜಪಾನಿಗೆ ಹೋದರು. ಎರಡು ವರ್ಷದ ನಂತರ ಎ. ಎಸ್. ಹಾರ್ನ್‌ಬಿ ಎಂಬ ಯುವಕ ಅಲ್ಲಿಗೆ ಪಾಠ ಹೇಳಲು ಹೋದರು. ಮುಂದೆ ಇಬ್ಬರೂ ಜೊತೆಯಾಗಿ ದುಡಿದರು. ಜಪಾನಿ ವಾಕ್ಯವೂ ನಮ್ಮದರಂತೆ ಕ್ರಿಯಾಪದದಲ್ಲೇ ಮುಗಿಯುತ್ತದೆ. ಅಲ್ಲಿನ ವಿದ್ಯಾರ್ಥಿಗಳಿಗೆ ವ್ಯಾಕರಣದ ನಿಯಮ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ನಮ್ಮ ಎಸ್ಸೆಸ್ಸೆಲ್ಸಿ ಹುಡುಗರ ಸ್ಥಿತಿ ಇಂದಿಗೂ ಅದೇ ಅಲ್ಲವೇ? ಈ ಇಬ್ಬರು ಕಂಡುಕೊಂಡದ್ದು ಏನು? ಇಂಗ್ಲಿಷಿನಲ್ಲಿ ಪ್ರತಿಯೊಂದು ಕ್ರಿಯಾಪದಕ್ಕೂ ತನ್ನದೇ ವಾಕ್ಯದ ಮಾದರಿ ಉಂಟು. ಪದದ ಅರ್ಥ ತಿಳಿದರೆ ಸಾಲದು, ಆ ಪದ ಯಾವ ಮಾದರಿಯಲ್ಲಿ ಕೂರುತ್ತದೆ ಎಂದೂ ತಿಳಿಯಬೇಕು.

ಉದಾಹರಣೆ ಕೊಡುತ್ತೇನೆ. ‘ವಾಂಟ್’ ಎಂಬ ಪದವನ್ನೇ ತೆಗೆದುಕೊಳ್ಳಿ. ‘ಐ ವಾಂಟ್ ಫ್ಲವರ್ಸ್’: ನನಗೆ ಹೂವು ಬೇಕು. ‘ಐ ವಾಂಟ್ ಟು ಗೋ’: ನನಗೆ ಹೋಗಬೇಕು ಅನಿಸಿದೆ. ‘ಐ ವಾಂಟ್ ಯು ಟು ಗೋ’: ನೀನು ಹೋಗಬೇಕು ಅಂತ ನನ್ನ ಆಸೆ. ಪದ ಒಂದು, ಮಾದರಿ ಮೂರು. ‘ಗಿವ್ ಮಿ’ ಸರಿ, ‘ಶೋ ಮಿ’ ಸರಿ. ಅದನ್ನು ನೋಡಿ ಕಾಲೇಜು ಹುಡುಗರೂ ‘ಎಕ್ಸ್‌ಪ್ಲೇನ್ ಮಿ’ ಅನ್ನುತ್ತಾರೆ. ಅದು ಇಂಗ್ಲಿಷಿಗೆ ಸರಿಹೋಗುವುದಿಲ್ಲ. ‘ಎಕ್ಸ್‌ಪ್ಲೇನ್ ಇಟ್ ಟು ಮಿ’ ಅನ್ನಬೇಕು. ಇದಕ್ಕೆ ಕಾರಣ ಕೇಳಬೇಡಿ, ಆ ಪದದ ಮಾದರಿ ಹಾಗಿದೆ.

ಹಾರ್ನ್‌ಬಿ ಮತ್ತು ಇಬ್ಬರು ಸಂಗಡಿಗರು ಇಂಥ ಮಾದರಿಗಳನ್ನು ಗುರುತಿಸಿ ನಿಘಂಟು ಮಾಡಿದರು. ಅದು 1942ರಲ್ಲಿ, ಯುದ್ಧದ ನಡುವೆ, ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡಿನವರು ಅದನ್ನೇ ಮತ್ತೆ ಹೊರತಂದರು. ಇವತ್ತು ನಮ್ಮ ಶಾಲೆಗಳ ಬೀರುವಿನಲ್ಲಿರುವ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಅದು. 1954ರಲ್ಲಿ ಹಾರ್ನ್‌ಬಿ ಮಾದರಿಗಳಿಗೇ ಮೀಸಲಾದ ಇನ್ನೊಂದು ಪುಸ್ತಕ ಬರೆದರು. ಕ್ರಿಯಾಪದಗಳಿಗೆ 25 ಮಾದರಿ ಅಂತ ಲೆಕ್ಕ ಹಾಕಿದರು. ಆ ವಿಚಾರ ಭಾರತಕ್ಕೂ ಬಂತು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ನಮ್ಮ ಜಿಲ್ಲೆಯ ಎಷ್ಟೋ ಮೇಷ್ಟ್ರುಗಳು ತರಬೇತಿಗೆ ಹೋಗಿ ಬಂದಿರುವುದು ಅಲ್ಲಿಗೇ.

ಇತಿಹಾಸ ಇಷ್ಟು ಸಾಕು. ಕ್ರಿಯಾಪದ ಕೊನೆಗೆ ಬರುವ ಭಾಷೆಯವರ ನಡುವೆಯೇ ಈ ಕ್ರಮ ಬೆಳೆಯಿತು. ಅದಕ್ಕೇ ಅದು ನಮಗೆ ಹತ್ತಿರದ್ದು. ಈಗ ಮುಂದಿನ ಪ್ರಶ್ನೆ. ಇಂಗ್ಲಿಷಿನಲ್ಲಿ ಮಾದರಿ ಹತ್ತಾರಿವೆ. ನಮ್ಮ ಮಗುವಿಗೆ ಯಾವುದನ್ನು ಮೊದಲು ಕಲಿಸಬೇಕು? ಎಲ್ಲಿ ನಮ್ಮ ವಾಕ್ಯಕ್ಕೂ ಇಂಗ್ಲಿಷ್ ವಾಕ್ಯಕ್ಕೂ ಅಂತರ ಹೆಚ್ಚೋ ಅಲ್ಲಿಂದ ಶುರುಮಾಡಬೇಕು ಎಂದು ನಾನು ಹೇಳುತ್ತೇನೆ. ಹಾಗೆ ನೋಡಿದರೆ ನಾಲ್ಕು ಜಾಗ ಸಿಗುತ್ತವೆ. ಎಲ್ಲದಕ್ಕೂ ಒಂದೇ ಹೊತ್ತು ಬೇಕಿಲ್ಲ.

ಮೊದಲನೆಯದು ಪದಗಳ ಸಾಲು. ಬಂಡೀಪುರದ ಮಾತನ್ನೇ ಹೇಳುತ್ತೇನೆ. ‘ಆನೆ ಹುಲಿಯನ್ನು ಓಡಿಸಿತು.’ ಇದನ್ನೇ ತಿರುವಿ ಹಾಕಿ. ‘ಹುಲಿಯನ್ನು ಆನೆ ಓಡಿಸಿತು.’ ಓಡಿಹೋದದ್ದು ಯಾರು? ಎರಡರಲ್ಲೂ ಹುಲಿಯೇ. ‘ಅನ್ನು’ ಎಂಬ ಪ್ರತ್ಯಯ ಹುಲಿಗೆ ಅಂಟಿಕೊಂಡಿದೆ. ಹುಲಿ ಎಲ್ಲಿ ಕೂತರೂ ಅದು ಬಿಡುವುದಿಲ್ಲ. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯ ಇಲ್ಲ. ‘ದಿ ಎಲಿಫೆಂಟ್ ಚೇಸ್ಡ್ ದ ಟೈಗರ್’ ಎಂದರೆ ಓಡಿದ್ದು ಹುಲಿ. ‘ದ ಟೈಗರ್ ಚೇಸ್ಡ್ ದಿ ಎಲಿಫೆಂಟ್’ ಎಂದರೆ ಓಡಿದ್ದು ಆನೆ. ಅಲ್ಲಿ ಕೂತ ಜಾಗವೇ ವಿಭಕ್ತಿ. ಇದನ್ನು ಮಕ್ಕಳಿಗೆ ಹೇಳಿಕೊಡಲು ಬೋರ್ಡು ಬೇಡ. ಮೂರು ಮಕ್ಕಳನ್ನು ಎದ್ದು ನಿಲ್ಲಿಸಿ. ಒಬ್ಬ ಆನೆ, ಒಬ್ಬ ಹುಲಿ, ನಡುವಿನವನು ‘ಚೇಸ್ಡ್’. ಆನೆ ಹುಲಿ ಜಾಗ ಬದಲಿಸಲಿ. ಕತೆಯೂ ಬದಲಾಯಿತು ಎಂದು ಮಕ್ಕಳಿಗೆ ಆಗಲೇ ತಿಳಿಯುತ್ತದೆ.

ಎರಡನೆಯದು ‘ಈಸ್’. ನಾವು ‘ಇವನು ನನ್ನ ತಮ್ಮ’ ಅನ್ನುತ್ತೇವೆ. ಅಲ್ಲಿ ಕ್ರಿಯಾಪದವೇ ಇಲ್ಲ, ಬೇಕಾಗಿಯೂ ಇಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದವಿಲ್ಲದೆ ವಾಕ್ಯ ನಿಲ್ಲುವುದಿಲ್ಲ. ‘ಹಿ ಈಸ್ ಮೈ ಬ್ರದರ್’ ಅನ್ನಲೇಬೇಕು. ಮಗು ಈ ‘ಈಸ್’ ಅನ್ನು ಬಿಡುತ್ತದೆ. ಮೇಷ್ಟ್ರು ತಿದ್ದುತ್ತಾರೆ. ಮುಂದೆ ಅದೇ ಮಗು ಎಲ್ಲ ಕಡೆ ‘ಈಸ್’ ತುರುಕುತ್ತದೆ. ‘ಹಿ ಈಸ್ ಗೋ’ ಅನ್ನುತ್ತದೆ. ಆಗ ಬೈಯಬೇಡಿ. ಆ ತಪ್ಪು ಕಲಿಕೆಯ ಗುರುತು. ಕ್ರಿಯಾಪದ ಬೇಕು ಎಂದು ಅದಕ್ಕೆ ಗೊತ್ತಾಗಿದೆ. ಯಾವುದು ಎಂದು ಇನ್ನೂ ಗೊತ್ತಾಗಿಲ್ಲ. ‘ಹಿ ಈಸ್ ಮೈ ಬ್ರದರ್’ ಮತ್ತು ‘ಹಿ ಗೋಸ್ ಟು ಸ್ಕೂಲ್’ ಎರಡನ್ನೂ ಅಕ್ಕಪಕ್ಕ ಇಟ್ಟು ಕೆಲವು ದಿನ ಆಡಿಸಿ.

ಮೂರನೆಯದು ‘ನನಗೆ’. ಇದರ ಮೇಲೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ನಮ್ಮ ಮಕ್ಕಳ ಮನಸ್ಸಿನ ಮಾತೆಲ್ಲ ಇದರಲ್ಲಿದೆ. ಚಾಮರಾಜನಗರದ ಕಡೆಯ ಮಗು ‘ನಂಗ ಹೊಟ್ಟ ಹಸೀತದ’ ಅನ್ನುತ್ತದೆ. ನನಗೆ ಗೊತ್ತು. ನನಗೆ ಇಷ್ಟ. ನನಗೆ ಬೇಕು. ನನಗೆ ಇಬ್ಬರು ಅಕ್ಕಂದಿರು. ನನಗೆ ಈಜು ಬರುತ್ತದೆ. ಹಸಿವು, ಜ್ವರ, ಭಯ, ಆಸೆ, ತಿಳಿವಳಿಕೆ, ನೆಂಟಸ್ತಿಕೆ ಎಲ್ಲವೂ ಕನ್ನಡದಲ್ಲಿ ನಮ್ಮ ಹತ್ತಿರ ಬರುತ್ತವೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ಐ’ ಎಂದೇ ಮಾತು ತೆಗೆಯಬೇಕು. ಈಗ ನಾವೊಂದು ಅಭ್ಯಾಸ ಮಾಡೋಣ. ಮನೆಯಲ್ಲಿ ಮಕ್ಕಳಿದ್ದರೆ ಹತ್ತಿರ ಕರೆಯಿರಿ. ನಾನು ಕನ್ನಡ ವಾಕ್ಯ ಹೇಳಿ ಸ್ವಲ್ಪ ನಿಲ್ಲುತ್ತೇನೆ. ಮಗು ಇಂಗ್ಲಿಷಿನಲ್ಲಿ ಹೇಳಲಿ. ಆಮೇಲೆ ನಾನು ಹೇಳುತ್ತೇನೆ.

ನನಗೆ ಹಸಿವಾಗಿದೆ. … ಐ ಆ್ಯಮ್ ಹಂಗ್ರಿ.
ನನಗೆ ಗೊತ್ತು. … ಐ ನೋ.
ನನಗೆ ಬಾಳೆಹಣ್ಣು ಇಷ್ಟ. … ಐ ಲೈಕ್ ಬನಾನಾಸ್.
ನನಗೆ ಇಬ್ಬರು ಅಕ್ಕಂದಿರಿದ್ದಾರೆ. … ಐ ಹ್ಯಾವ್ ಟು ಸಿಸ್ಟರ್ಸ್.
ನನಗೆ ಈಜು ಬರುತ್ತದೆ. … ಐ ಕ್ಯಾನ್ ಸ್ವಿಮ್.

ಕೇಳಿದಿರಲ್ಲ? ಕನ್ನಡದಲ್ಲಿ ಐದಕ್ಕೂ ‘ನನಗೆ’. ಇಂಗ್ಲಿಷಿನಲ್ಲಿ ಐದಕ್ಕೂ ‘ಐ’. ಆದರೆ ‘ಐ’ ಆದಮೇಲೆ ಐದು ಬೇರೆ ಬೇರೆ ಪದ. ಆ್ಯಮ್, ನೋ, ಲೈಕ್, ಹ್ಯಾವ್, ಕ್ಯಾನ್. ಒಂದನೇ ತರಗತಿಯಿಂದ ಮೂರನೇ ತರಗತಿಯೊಳಗೆ ಈ ಐದು ಮಾದರಿ ಮಗುವಿನ ನಾಲಿಗೆಗೆ ಬಂದರೆ ಅದು ತನ್ನ ಮನೆ, ತನ್ನ ಊರು, ತನ್ನ ಆಸೆ ಎಲ್ಲವನ್ನೂ ಹೇಳಬಲ್ಲದು. ಹಣ್ಣಿನ ಹೆಸರು, ಪ್ರಾಣಿಯ ಹೆಸರು, ಬಣ್ಣದ ಹೆಸರು ಅಂತ ಪಟ್ಟಿ ಉರುಹೊಡೆಸುವ ಸಮಯದಲ್ಲಿ ಅರ್ಧವನ್ನು ಈ ಐದಕ್ಕೆ ಕೊಡಿ ಎಂದು ಪ್ರಾಥಮಿಕ ಶಾಲೆಯ ಮೇಷ್ಟ್ರುಗಳನ್ನೂ ಮೇಡಂಗಳನ್ನೂ ನಾನು ಕೇಳಿಕೊಳ್ಳುತ್ತೇನೆ.

ಇದುವರೆಗೆ ಮೂರು ಜಾಗ ನೋಡಿದೆವು. ಪದಗಳ ಸಾಲು, ‘ಈಸ್’, ‘ನನಗೆ’. ನಾಲ್ಕನೆಯದು ಪ್ರಶ್ನೆ. ನನ್ನ ಪ್ರಕಾರ ಶಾಲೆಗಳಲ್ಲಿ ತೀರಾ ಕಡೆಗಣಿಸಿರುವುದು ಇದನ್ನೇ.

‘ಅವನು ಬಂದ.’ ಇದನ್ನು ಪ್ರಶ್ನೆ ಮಾಡಿ. ‘ಅವನು ಬಂದನಾ?’ ಬಾಲಕ್ಕೆ ಒಂದು ‘ಆ’ ಸೇರಿತು, ಕೆಲಸ ಮುಗಿಯಿತು. ತಮಿಳಿನಲ್ಲಿ ‘ವಂದಾನ್’ ಹೋಗಿ ‘ವಂದಾನಾ’. ಮಲಯಾಳದಲ್ಲಿ ‘ವನ್ನು’ ಹೋಗಿ ‘ವನ್ನೋ’. ಎಲ್ಲರದೂ ಬಾಲದಲ್ಲೇ. ಇಂಗ್ಲಿಷ್ ನೋಡಿ. ‘ಹಿ ಕೇಮ್’ ಎಂಬುದು ಪ್ರಶ್ನೆಯಾದಾಗ ‘ಡಿಡ್ ಹಿ ಕಮ್?’ ಆಗುತ್ತದೆ. ತಲೆಯಲ್ಲಿ ‘ಡಿಡ್’ ಎಂಬ ಹೊಸ ಪದ ಬಂತು. ‘ಕೇಮ್’ ತನ್ನ ರೂಪ ಬಿಟ್ಟು ‘ಕಮ್’ ಆಯಿತು. ಒಂದು ಸಣ್ಣ ಪ್ರಶ್ನೆಗೆ ಎರಡು ಬದಲಾವಣೆ. ನಮ್ಮ ಮಕ್ಕಳು ‘ಹಿ ಕೇಮ್?’ ಎಂದು ರಾಗ ಏರಿಸಿ ಕೇಳಿ ಸುಮ್ಮನಾಗುತ್ತಾರೆ. ದೊಡ್ಡವರಾದಮೇಲೆ ‘ಡಿಡ್ ಹಿ ಕೇಮ್’ ಅನ್ನುತ್ತಾರೆ.

ಇದು ಯಾಕೆ ಕೂರುವುದಿಲ್ಲ ಎಂದು ತರಗತಿಯೊಳಗೆ ನೋಡಿದರೆ ತಿಳಿಯುತ್ತದೆ. ಅಲ್ಲಿ ಪ್ರಶ್ನೆ ಕೇಳುವುದು ಯಾವಾಗಲೂ ಮೇಷ್ಟ್ರು. ಮಗುವಿನ ಪಾಲಿಗೆ ಉತ್ತರ ಮಾತ್ರ. ಹತ್ತು ವರ್ಷ ಇಂಗ್ಲಿಷ್ ಓದಿದ ಮಗು ಬಾಯಿಬಿಟ್ಟು ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆ ಎಷ್ಟು? ‘ಮೇ ಐ ಕಮ್ ಇನ್’ ಮತ್ತು ನೀರು ಕುಡಿಯಲು, ಹೊರಗೆ ಹೋಗಲು ಒಪ್ಪಿಗೆ. ಅಷ್ಟೇ. ಆಡದ ಮಾದರಿ ಹೇಗೆ ಬರಬೇಕು? ಮುಂದೆ ಇದೇ ಮಗು ಸಫಾರಿ ಜೀಪಿನಲ್ಲಿ ಗೈಡ್ ಆಗಬಹುದು, ಹೋಟೆಲಿನಲ್ಲಿ, ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಲ್ಲಬಹುದು. ಅಲ್ಲಿ ದಿನವಿಡೀ ಬೇಕಾಗುವುದು ಪ್ರಶ್ನೆಯೇ.

ಹಂಗಳ, ಮೇಲುಕಾಮನಹಳ್ಳಿ ಕಡೆಯ ಶಾಲೆಗಳಿಗೆ ಒಂದು ಆಟ ಹೇಳುತ್ತೇನೆ. ಕಾಡಂಚಿನ ಯಾವ ಊರಿಗಾದರೂ ಒಗ್ಗುತ್ತದೆ. ಒಂದು ಮಗು ಕಾಡಿಗೆ ಹೋಗಿ ಬಂದಂತೆ ನಿಲ್ಲಲಿ. ತಾನು ಕಂಡ ಪ್ರಾಣಿಯ ಹೆಸರನ್ನು ಚೀಟಿಯಲ್ಲಿ ಬರೆದು ಮುಚ್ಚಿಟ್ಟುಕೊಳ್ಳಲಿ. ಉಳಿದವರು ಒಬ್ಬೊಬ್ಬರಾಗಿ ಕೇಳಬೇಕು. ‘ಡಿಡ್ ಯು ಸೀ ಎ ಟೈಗರ್?’ ‘ನೋ, ಐ ಡಿಡ್ ನಾಟ್.’ ‘ಡಿಡ್ ಯು ಸೀ ಎ ಬೇರ್?’ ‘ನೋ.’ ‘ಡಿಡ್ ಯು ಸೀ ಎ ಪೀಕಾಕ್?’ ‘ಯೆಸ್, ಐ ಸಾ ಎ ಪೀಕಾಕ್.’ ಒಂದು ಪೀರಿಯಡ್ಡಿನಲ್ಲಿ ಮೂವತ್ತು ಮಕ್ಕಳೂ ಪ್ರಶ್ನೆ ಕೇಳಿರುತ್ತಾರೆ. ‘ಡಿಡ್’ ಜೊತೆಗೆ ‘ಸೀ’, ಉತ್ತರದಲ್ಲಿ ‘ಸಾ’. ನಿಯಮ ಹೇಳುವ ಮೊದಲೇ ಕಿವಿ ಅದನ್ನು ಹಿಡಿದಿರುತ್ತದೆ. ನಿಯಮವನ್ನು ಆಮೇಲೆ ಕನ್ನಡದಲ್ಲೇ ಹೇಳಿ. ಕನ್ನಡದಲ್ಲಿ ಹೇಳಿದರೆ ತಪ್ಪೇನೂ ಇಲ್ಲ.

ಯಾವ ಮಾದರಿ ಮೊದಲು ಎನ್ನುವುದು ಇಲ್ಲಿಗೆ ಆಯಿತು. ಈಗ ಹೇಗೆ ಅಭ್ಯಾಸ ಮಾಡಿಸುವುದು ಎನ್ನುವುದು. ಇಲ್ಲಿ ಎರಡು ಪಕ್ಷಗಳಿವೆ. ಎರಡನ್ನೂ ಹೇಳಿ ನನ್ನ ನಿಲುವನ್ನೂ ಹೇಳುತ್ತೇನೆ.

ಒಂದು ಪಕ್ಷ ಪಾಮರ್ ಅವರದು. ಅವರು ಬಳಕೆಗೆ ತಂದ ಪಟ್ಟಿಯನ್ನು ಸಬ್‌ಸ್ಟಿಟ್ಯೂಷನ್ ಟೇಬಲ್ ಅನ್ನುತ್ತಾರೆ. ಕಣ್ಣೆದುರು ಬೋರ್ಡಿಲ್ಲದ ನಿಮಗೆ ಅದನ್ನು ಮಾತಿನಲ್ಲೇ ವಿವರಿಸುತ್ತೇನೆ. ಬೋರ್ಡಿನ ಮೇಲೆ ಉದ್ದಕ್ಕೆ ಮೂರು ಕಂಬಸಾಲು. ಮೊದಲ ಸಾಲಿನಲ್ಲಿ ನಾಲ್ವರು: ಅಪ್ಪ, ಅವ್ವ, ಅಜ್ಜಿ, ಅಣ್ಣ. ಎರಡನೆಯದರಲ್ಲಿ ನಾಲ್ಕು ಕ್ರಿಯಾಪದ: ಬೆಳೆಯುತ್ತಾರೆ, ಮಾರುತ್ತಾರೆ, ಕೊಳ್ಳುತ್ತಾರೆ, ತಿನ್ನುತ್ತಾರೆ. ಮೂರನೆಯದರಲ್ಲಿ ನಾಲ್ಕು ವಸ್ತು: ಬಾಳೆ, ಅರಿಶಿನ, ರಾಗಿ, ಹೂವು. ಎಲ್ಲ ಇಂಗ್ಲಿಷಿನಲ್ಲಿ. ಪ್ರತಿ ಸಾಲಿನಿಂದ ಒಂದೊಂದು ತೆಗೆದರೆ ಒಂದು ವಾಕ್ಯ. ‘ಮೈ ಫಾದರ್ ಗ್ರೋಸ್ ಬನಾನಾಸ್.’ ‘ಮೈ ಮದರ್ ಸೆಲ್ಸ್ ಫ್ಲವರ್ಸ್.’ ಹನ್ನೆರಡೇ ಪದದಿಂದ ಅರವತ್ತಕ್ಕೂ ಹೆಚ್ಚು ವಾಕ್ಯ. ಪದ ಸಾಲದು ಎಂದು ಕೊರಗುವ ಮಗುವಿಗೆ ಇದು ದೊಡ್ಡ ಧೈರ್ಯ.

ಇದರಲ್ಲಿ ಒಂದು ಅಪಾಯವೂ ಇದೆ. ಮಕ್ಕಳು ಇದನ್ನು ಮಗ್ಗಿಯ ಹಾಗೆ ಕೂಗಿಬಿಡುತ್ತಾರೆ. ‘ಅಜ್ಜಿ ಹೂವು ತಿನ್ನುತ್ತಾಳೆ’ ಎಂದು ಇಂಗ್ಲಿಷಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತಾರೆ. ವಾಕ್ಯ ಸರಿ, ಅರ್ಥ ಮನಸ್ಸಿಗೆ ಮುಟ್ಟಿರುವುದಿಲ್ಲ.

ಇನ್ನೊಂದು ಪಕ್ಷ ಹುಟ್ಟಿದ್ದೇ ಇದನ್ನು ಕಂಡು. ಅದೂ ನಮ್ಮ ಬೆಂಗಳೂರಿನಲ್ಲಿ. 1979ರಲ್ಲಿ ಎನ್. ಎಸ್. ಪ್ರಭು ಎಂಬ ಇಂಗ್ಲಿಷ್ ಶಿಕ್ಷಣ ತಜ್ಞರು ಅಲ್ಲಿ ಒಂದು ಪ್ರಯೋಗ ಶುರುಮಾಡಿದರು. ಸುಮಾರು ಐದು ವರ್ಷ ನಡೆಯಿತು. ಬೆಂಗಳೂರು, ಮದರಾಸು ಮೊದಲಾದ ಕಡೆಯ ಸಾಮಾನ್ಯ ಶಾಲೆಗಳ ಮಕ್ಕಳೇ ಅದರಲ್ಲಿದ್ದರು. ಬೆಂಗಳೂರು ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ಅದು ಪ್ರಪಂಚದ ಇಂಗ್ಲಿಷ್ ಶಿಕ್ಷಕರಿಗೆಲ್ಲ ಗೊತ್ತು. ಪ್ರಭು ಅವರ ವಿಚಾರ ಸರಳ. ಮಾದರಿಯನ್ನು ನೇರವಾಗಿ ಕಲಿಸಬೇಡಿ. ಮಗುವಿಗೆ ಬಿಡಿಸಲು ಒಂದು ಸಮಸ್ಯೆ ಕೊಡಿ. ರೈಲಿನ ವೇಳಾಪಟ್ಟಿ ಕೊಡಿ, ನಕ್ಷೆ ಕೊಡಿ. ಮಗುವಿನ ಗಮನ ಉತ್ತರದ ಮೇಲಿರಲಿ. ಮೊದಲು ಇಡೀ ತರಗತಿಯ ಜೊತೆ ಮೇಷ್ಟ್ರು ಒಂದನ್ನು ಬಿಡಿಸಲಿ. ಆಮೇಲೆ ಅಂಥದೇ ಇನ್ನೊಂದನ್ನು ಮಗು ತಾನಾಗಿ ಬಿಡಿಸಲಿ. ಅರ್ಥದ ಹಿಂದೆ ಹೋದ ಮನಸ್ಸಿಗೆ ವ್ಯಾಕರಣ ತಾನಾಗಿ ಬರುತ್ತದೆ. ಇದು ಅವರ ವಾದ. 1987ರಲ್ಲಿ ಅವರು ಇದನ್ನೆಲ್ಲ ಪುಸ್ತಕವಾಗಿ ಬರೆದರು.

ನನ್ನ ನಿಲುವು ಕೇಳಿ. ಪ್ರಭು ಅವರ ಬಗ್ಗೆ ನನಗೆ ಬಹಳ ಗೌರವ. ಅರ್ಥವಿಲ್ಲದ ಕೂಗಾಟದಿಂದ ಭಾಷೆ ಬರುವುದಿಲ್ಲ ಎಂಬ ಅವರ ಮಾತು ಪೂರ್ತಿ ನಿಜ. ಆದರೆ ಅವರ ಕ್ರಮಕ್ಕೆ ಮೇಷ್ಟ್ರು ಪೀರಿಯಡ್ ಪೂರ್ತಿ ಇಂಗ್ಲಿಷಿನಲ್ಲಿ ಸಲೀಸಾಗಿ ಮಾತಾಡಬೇಕು. ಐದು ತರಗತಿಗೆ ಇಬ್ಬರೇ ಮೇಷ್ಟ್ರಿರುವ ಹಳ್ಳಿಯ ಶಾಲೆಯಲ್ಲಿ ಅದು ಕಷ್ಟ. ಶಾಲೆಯಿಂದ ಹೊರಗೆ ಬಂದರೆ ನಮ್ಮ ಮಗುವಿಗೆ ಇಂಗ್ಲಿಷ್ ಕೇಳುವ ಅವಕಾಶವೂ ಕಡಿಮೆ. ಆದ್ದರಿಂದ ಮಾದರಿಯನ್ನು ನೇರವಾಗಿಯೇ ಕೊಡೋಣ, ಕೊಟ್ಟದ್ದನ್ನು ಕೂಡಲೇ ಕೆಲಸಕ್ಕೆ ಹಚ್ಚೋಣ ಎನ್ನುತ್ತೇನೆ ನಾನು.

ಕೆಲಸಕ್ಕೆ ಹಚ್ಚುವುದು ಹೇಗೆ? ಆಗ ಹೇಳಿದ ಪಟ್ಟಿಗೆ ಒಂದೇ ಒಂದು ಷರತ್ತು ಹಾಕಿ. ‘ನಿಮ್ಮ ಮನೆಯ ಮಟ್ಟಿಗೆ ನಿಜವಾದ ವಾಕ್ಯ ಮಾತ್ರ ಹೇಳಬೇಕು.’ ಅಷ್ಟು ಸಾಕು. ಈಗ ಮಗು ಯೋಚಿಸಲೇಬೇಕು. ನಮ್ಮಪ್ಪ ಬಾಳೆ ಬೆಳೆಯುತ್ತಾರಾ, ಕೊಳ್ಳುತ್ತಾರಾ? ತೆರಕಣಾಂಬಿಯ ಮಗುವಿನ ವಾಕ್ಯ ಬೇರೆ, ಚಾಮರಾಜನಗರ ಪೇಟೆಯ ಮಗುವಿನ ವಾಕ್ಯ ಬೇರೆ. ಅರವತ್ತರಲ್ಲಿ ಹತ್ತು ಹನ್ನೆರಡು ಉಳಿಯುತ್ತವೆ. ಆ ಹನ್ನೆರಡು ಮಗುವಿನ ಸ್ವಂತದ್ದು, ಮರೆಯುವುದಿಲ್ಲ.

ಪ್ರಭು ಅವರ ರೈಲು ವೇಳಾಪಟ್ಟಿಗೆ ಬದಲಾಗಿ ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡ್ ನಮ್ಮಲ್ಲೇ ಇದೆ. ಬತ್ತೇರಿಗೆ ಹೋಗುವ ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾರು, ಲಾರಿ ಬಿಡುವುದಿಲ್ಲ, 2009ರಿಂದ ಈ ನಿಯಮ ಇದೆ ಎಂದು ಇಲ್ಲಿನ ಮಕ್ಕಳಿಗೆಲ್ಲ ಗೊತ್ತು. ಅದನ್ನೇ ಲೆಕ್ಕ ಮಾಡಿ. ‘ಒಬ್ಬರು ಮೈಸೂರಿನಿಂದ ರಾತ್ರಿ 8ಕ್ಕೆ ಕಾರಿನಲ್ಲಿ ಹೊರಟಿದ್ದಾರೆ. ಗುಂಡ್ಲುಪೇಟೆ ಸುಮಾರು 60 ಕಿಲೋಮೀಟರ್. ಅವರು ಈ ರಾತ್ರಿ ಬತ್ತೇರಿಗೆ ಹೋಗಬಹುದೇ?’ ಮಕ್ಕಳು ಲೆಕ್ಕ ಹಾಕಿ ಉತ್ತರ ಹೇಳಬೇಕು. ‘ನೋ, ಹಿ ಕೆನಾಟ್ ಗೋ. ದ ಗೇಟ್ ಕ್ಲೋಸಸ್ ಅಟ್ ನೈನ್.’ ‘ಹಿ ಕ್ಯಾನ್ ಗೋ ಇನ್ ದ ಮಾರ್ನಿಂಗ್.’ ‘ಕ್ಯಾನ್’ ಮಾದರಿ ನಾವು ಮೊದಲೇ ಕಲಿಸಿದ್ದು. ಅದಕ್ಕೆ ಈಗ ಕೆಲಸ ಸಿಕ್ಕಿತು.

ಇನ್ನೊಂದು ವಿಷಯವಿದೆ. ಮಾದರಿ ಯಾವುದು, ಅಭ್ಯಾಸ ಹೇಗೆ ಎಂದು ಹೇಳಿದ್ದಾಯಿತು. ಈಗ ಹೇಳಲಿರುವುದು ಮಗುವಿನ ಮನೆಮಾತಿನ ಬಗ್ಗೆ.

‘ಹೊಟ್ಟ ಹಸೀತದ’ ಎಂದ ಮಗುವನ್ನು ಮೊದಲು ಪುಸ್ತಕದ ಕನ್ನಡಕ್ಕೆ ತಿದ್ದಿ, ಆಮೇಲೆ ಇಂಗ್ಲಿಷಿಗೆ ಹೋಗುವ ಕ್ರಮ ಕೆಲವು ಕಡೆ ಇದೆ. ಆ ಸುತ್ತು ಬೇಡ. ವಾಕ್ಯದ ಮಾದರಿಯ ಮಟ್ಟಿಗೆ ‘ನಂಗ ಹಸೀತದ’ವೂ ‘ನನಗೆ ಹಸಿವಾಗಿದೆ’ಯೂ ಒಂದೇ. ಮನೆಯ ಮಾತಿನಿಂದ ನೇರವಾಗಿ ‘ಐ ಆ್ಯಮ್ ಹಂಗ್ರಿ’ಗೆ ದಾಟಿಸಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಕ್ಕಳಿಗೂ ಇದೇ ಮಾತು. ಅವರ ನುಡಿ ಕನ್ನಡಕ್ಕೆ ಬಹಳ ಹತ್ತಿರ. ಸೋಲಿಗರ ಮಕ್ಕಳಿಗೆ ಕಾಡಿನ ಗಿಡಮರ, ಜೇನು, ಪ್ರಾಣಿಗಳ ತಿಳಿವಳಿಕೆ ಹುಟ್ಟಿನಿಂದಲೇ ಬರುತ್ತದೆ. ಅವರಿಗೆ ‘ಐ ನೋ’ ಮಾದರಿ ಕಲಿಸುವಾಗ ಆ ತಿಳಿವಳಿಕೆಯನ್ನೇ ಅದರೊಳಗೆ ಇಡಲು ಬಿಡಿ. ‘ಐ ನೋ ದಿಸ್ ಟ್ರೀ’ ಎಂದು ಆ ಮಗು ಹೇಳಿದರೆ ಅದು ಬರೀ ಪಾಠ ಒಪ್ಪಿಸುವ ಮಾತಾಗಿರುವುದಿಲ್ಲ. ಗಡಿಯಾಚೆಯ ತಾಳವಾಡಿಯ ಕನ್ನಡ ಮಕ್ಕಳ ಪಾಡು ಇನ್ನೂ ಒಂದು ತೂಕ ಹೆಚ್ಚು. ಅದು ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರಿನ ಸೀಮೆ, ಆಡಳಿತ ತಮಿಳುನಾಡಿನದು. ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಅವರು ಒಟ್ಟಿಗೆ ಹೊರುತ್ತಾರೆ. ಆದರೆ ಮೊದಲ ಎರಡರ ವಾಕ್ಯ ಒಂದೇ ಬಗೆ ಎಂದು ಮೇಷ್ಟ್ರು ತೋರಿಸಿಕೊಟ್ಟರೆ ಹೊರೆ ಅರ್ಧವಾಗುತ್ತದೆ. ಹನೂರಿನ ಕಡೆ ಒಡೆಯರಪಾಳ್ಯದಲ್ಲಿ ಟಿಬೆಟನ್ನರ ನೆಲೆಯಿದೆ. ಅವರ ಭಾಷೆಯಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ಪದಗಳ ಸಾಲಿನ ಆನೆ ಹುಲಿ ಪಾಠ ಆ ಮಕ್ಕಳಿಗೂ ನಡೆಯುತ್ತದೆ.

ಇನ್ನು ಎಷ್ಟು ಬೇಗ ಶುರುಮಾಡಬೇಕು ಎನ್ನುವ ಮಾತು. ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಹಿಂದೆ ಐದನೇ ತರಗತಿಯಿಂದ ಇತ್ತು. 2007-08ರಿಂದ ಒಂದನೇ ತರಗತಿಯಿಂದಲೇ ಒಂದು ವಿಷಯವಾಗಿ ಬಂತು. 2019ರಿಂದ ಕೆಲವು ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು. ಬೇಗ ಶುರುಮಾಡಿದರೆ ತಾನಾಗಿ ಬರುತ್ತದೆ ಎಂದು ಹೆತ್ತವರು ನಂಬಿದ್ದಾರೆ. ನಾಲ್ಕು ವರ್ಷ ಮೊದಲು ಶುರುಮಾಡಿ ಆ ನಾಲ್ಕು ವರ್ಷವೂ ಹಣ್ಣಿನ ಹೆಸರನ್ನೇ ಹೇಳಿಸಿದರೆ ಮಗು ಇದ್ದಲ್ಲೇ ಇರುತ್ತದೆ. ವಾಕ್ಯ ಆಡಿಸಿದರೆ ಮುಂದೆ ಹೋಗುತ್ತದೆ. ಇದಕ್ಕೆ ಬೇಕಾದ ಸಾಮಗ್ರಿ ಹೊರಗಿನಿಂದ ಬರಬೇಕಿಲ್ಲ. ನೆರೆಯ ಹೆಗ್ಗಡದೇವನಕೋಟೆಯಲ್ಲಿ 1990ರ ದಶಕದಲ್ಲಿ ಮೇಷ್ಟ್ರುಗಳೇ ಸೇರಿ ನಲಿ-ಕಲಿ ಎಂಬ ಕಲಿಕೆಯ ಕ್ರಮ ಕಟ್ಟಿದರು, ಕಾರ್ಡುಗಳನ್ನು ತಾವೇ ಬರೆದರು. ಅದು ಇಡೀ ರಾಜ್ಯಕ್ಕೆ ಹರಡಿತು. ಈ ‘ನನಗೆ’ ಮಾದರಿಯ ಕಾರ್ಡುಗಳನ್ನು ನಮ್ಮ ಜಿಲ್ಲೆಯ ಮೇಷ್ಟ್ರುಗಳೂ ತಾವೇ ಬರೆಯಬಲ್ಲರು. ಇಲ್ಲಿನ ಮಾತು, ಇಲ್ಲಿನ ಬೆಳೆ, ಇಲ್ಲಿನ ಕಾಡು ಬಲ್ಲವರು ಅವರೇ.

ಕೊನೆಯದಾಗಿ ಇಂಗ್ಲಿಷ್ ಬಾರದ ಹೆತ್ತವರಿಗೆ ಎರಡು ಮಾತು. ನಿಮ್ಮಿಂದ ಏನೂ ಆಗುವುದಿಲ್ಲ ಎಂದುಕೊಳ್ಳಬೇಡಿ. ಸಂಜೆ ಮಗು ಬಂದಾಗ ‘ಇಂಗ್ಲಿಷಿನಲ್ಲಿ ಏನಾದರೂ ಮಾತಾಡು’ ಎನ್ನಬೇಡಿ. ಅದಕ್ಕೆ ಬಾಯಿ ಕಟ್ಟುತ್ತದೆ. ‘ಇವತ್ತು ಕಲಿತ ವಾಕ್ಯ ಯಾವುದು? ಅದರಲ್ಲಿ ನಮ್ಮ ಮನೆಯ ಬಗ್ಗೆ ಐದು ನಿಜ ಹೇಳು, ಆಮೇಲೆ ಕನ್ನಡದಲ್ಲಿ ಅದೇನೆಂದು ನನಗೆ ಹೇಳು’ ಎನ್ನಿ. ನಿಜವೋ ಸುಳ್ಳೋ ಎಂದು ಹೇಳಬಲ್ಲವರು ನೀವೇ, ಮೇಷ್ಟ್ರಿಗೆ ಅದು ಗೊತ್ತಿರುವುದಿಲ್ಲ. ಮೊದಲ ವಾರ ‘ಐ ಹ್ಯಾವ್’. ಎರಡನೇ ವಾರ ‘ಐ ಲೈಕ್’. ಮೂರನೇ ವಾರ ಮಗು ನಿಮ್ಮನ್ನು ಕೇಳಲಿ, ‘ಡು ಯು ಲೈಕ್ ಕಾಫಿ?’ ಅಂತ. ನೀವು ಕನ್ನಡದಲ್ಲೇ ಉತ್ತರ ಕೊಡಿ. ‘ಕುಡೀತೀನಿ ಮಗ, ಸಕ್ಕರೆ ಕಮ್ಮಿ ಇರಲಿ’ ಅನ್ನಿ. ಅದನ್ನು ಇಂಗ್ಲಿಷ್ ಮಾಡುವ ಕೆಲಸ ಮಗುವಿನದು.